ಓದುಗರ ಪ್ರಶ್ನೆ: ಗಾಜಿನ ಮೇಲೆ ಗೆರೆ, ಗೆರೆಯ ಮೇಲೆ ಬಣ್ಣ

ಕಳೆದ ಸಂಚಿಕೆಯ ಮುಖಪುಟದಲ್ಲಿ ಅಚ್ಚಾದ ಬಾದಾಮಿಯ ಅಗಸ್ತ್ಯತೀರ್ಥವೆಂಬ ಕೆರೆಯ ಚಿತ್ರ ಟ್ಯಾಬ್ಲೆಟ್ಟಿನಲ್ಲಿ ಬರೆದದ್ದೆಂದು ಒಳಪುಟದಲ್ಲಿ ಒಂದು ಸಾಲಿನ ಟಿಪ್ಪಣಿ ಇತ್ತು. ಆ ಒಂದು ಸಾಲು ಇಷ್ಟು ಪತ್ರಗಳನ್ನು ತರಿಸೀತೆಂದು ಸಂಪಾದಕರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ಕಾಗದದ ಮೇಲೆ ಸಲೀಸಾಗಿ ಬರುವ ಗೆರೆ ಟ್ಯಾಬ್ಲೆಟ್ಟಿನಲ್ಲಿ ಸತ್ತಂತೆ ಕಾಣುತ್ತದೆ. ಕರಡಿನಿಂದ ಮುಕ್ತಾಯದವರೆಗೆ ನೀವು ಯಾವ ಕ್ರಮ ಅನುಸರಿಸುತ್ತೀರಿ? ಬಾದಾಮಿಯ ಚಿತ್ರವನ್ನೇ ಇಟ್ಟುಕೊಂಡು ವಿವರಿಸುವಿರಾ?
— ಚಿತ್ರಕಲಾ ಶಿಕ್ಷಕರು, ಗದಗ

ಮಾಸ್ತರರೇ, ಗೆರೆಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಕಾಗದಕ್ಕೆ ಒಂದು ತರಿತನ ಇರುತ್ತದೆ. ಪೆನ್ಸಿಲ್ಲಿನ ಮೊನೆ ಅದಕ್ಕೆ ತೊಡರುತ್ತಲೇ ಮುಂದೆ ಹೋಗುವುದರಿಂದ ಕೈಗೆ ಒಂದು ತಡೆ ಸಿಗುತ್ತದೆ, ಗೆರೆ ದಪ್ಪವಾಗುವುದೂ ತೆಳುವಾಗುವುದೂ ಆ ತಡೆಯ ಲೆಕ್ಕದಲ್ಲಿ. ಗಾಜಿನ ಮೇಲೆ ಅದಿಲ್ಲ. ತರಿಯಾದ ಮ್ಯಾಟ್ ಫಿಲ್ಮ್ ಅಂಟಿಸಿಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಉಳಿದರ್ಧ ನಮ್ಮ ಅಭ್ಯಾಸದ್ದು. ಕಾಗದದ ಮೇಲೆ ಮೊಣಕೈಯಿಂದ ಗೆರೆ ಎಳೆಯುವ ನಾವು ಇಲ್ಲಿ ಚಿತ್ರವನ್ನು ನಾಲ್ಕು ಪಟ್ಟು ಝೂಮ್ ಮಾಡಿ, ಬರೀ ಮಣಿಕಟ್ಟಿನಿಂದ, ಉಸಿರು ಬಿಗಿಹಿಡಿದು ಎಳೆಯುತ್ತೇವೆ, ತಪ್ಪಿದರೆ ಎಳೆದದ್ದನ್ನು ಅಳಿಸುವ ಅನ್‌ಡೂ ಒತ್ತಿ ಮತ್ತೆ ಎಳೆಯುತ್ತೇವೆ. ಹತ್ತನೆಯ ಸಲಕ್ಕೆ ಬರುವುದು ತಪ್ಪಿಲ್ಲದ ಗೆರೆ ಹೌದು, ಆದರೆ ಅದು ಅಂಜಿ ಎಳೆದ ಗೆರೆ. ಕರಡು ಬರೆಯುವಾಗ ಇಡೀ ಚಿತ್ರ ಪರದೆಯಲ್ಲಿ ಕಾಣುವಂತಿಟ್ಟುಕೊಂಡು, ಅನ್‌ಡೂ ಮುಟ್ಟುವುದಿಲ್ಲವೆಂದು ಒಂದು ವಾರ ಪಟ್ಟು ಹಿಡಿದು ನೋಡಿ. ಅದೂ ಒಗ್ಗದಿದ್ದರೆ ಸಂಕೋಚವೇ ಬೇಡ, ಪೆನ್ಸಿಲ್ಲಿನಲ್ಲೇ ಬರೆದು ಸ್ಕ್ಯಾನ್ ಮಾಡಿ ಆ ಲೇಯರನ್ನು (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಮಲ್ಟಿಪ್ಲೈ ಎಂಬ ಮೋಡಿಗೆ, ಎಂದರೆ ಕೆಳಗಿನ ಲೇಯರಿನೊಡನೆ ಬೆರೆಯುವ ಬಗೆಗೆ, ಹಾಕಿ. ಕಾಗದದ ಬಿಳುಪು ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ, ಅದರಡಿಯಲ್ಲಿ ಬಣ್ಣ ತುಂಬಬಹುದು.

ಬಾದಾಮಿಯ ಚಿತ್ರದ ಮೊದಲ ಗೆರೆಗಳೂ ಪೆನ್ಸಿಲ್ಲಿನವೇ. ಕೆರೆಯ ಮೆಟ್ಟಿಲ ಮೇಲೆ ಕುಳಿತು ಕಿಸೆಯ ನೋಟ್‌ಬುಕ್ಕಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಆರು ಚೌಕಗಳನ್ನು ಹಾಕಿಕೊಂಡು, ಒಂದೊಂದರಲ್ಲಿಯೂ ಬಿಳಿ, ಬೂದು, ಕಪ್ಪು ಎಂಬ ಮೂರೇ ಛಾಯೆಗಳಲ್ಲಿ ದೃಶ್ಯವನ್ನು ಹೊಂದಿಸಿ ನೋಡಿದೆ. ಭೂತನಾಥ ಗುಡಿ ಇರುವುದು ಕೆರೆಯ ಪೂರ್ವದ ದಂಡೆಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ. ಹೀಗಾಗಿ ಸಂಜೆಯ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಮೊದಲ ಐದು ಚೌಕಗಳಲ್ಲಿ, ಎಲ್ಲ ಪ್ರವಾಸಿ ಫೋಟೋಗಳಲ್ಲಿರುವಂತೆ, ಗುಡಿಯನ್ನು ನಟ್ಟನಡುವೆ ಕೂರಿಸಿದ್ದೆ. ಆರನೆಯದರಲ್ಲಿ ಅದನ್ನು ಬಲಕ್ಕೆ ಸರಿಸಿ, ಕೆಳಗಿನ ಅರ್ಧವನ್ನು ನೀರಿಗೆ ಬಿಟ್ಟು, ಮುನ್ನೆಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಬೆನ್ನನ್ನು ಕಪ್ಪಾಗಿ ಇಟ್ಟಾಗ ಚಿತ್ರ ತಾನಾಗಿ ಕೂತುಕೊಂಡಿತು. ಪತ್ರಿಕೆಯ ಹೆಸರಿಗೆ ಮೇಲೆ ಜಾಗ ಬೇಕಿತ್ತು, ಅದಕ್ಕೆ ಆಕಾಶ ಒದಗಿತು. ಈ ಆರು ಚೌಕಗಳಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಚಿತ್ರದ ಹಣೆಬರಹ ನಿರ್ಧಾರವಾದದ್ದು ಅಲ್ಲಿಯೇ. ಆಮೇಲಿನ ಇಪ್ಪತ್ತು ಗಂಟೆಗಳ ಕೆಲಸದಲ್ಲಿ ಅದನ್ನು ಕೆಡದಂತೆ ಕಾಪಾಡಿದ್ದೇನೆ, ಅಷ್ಟೇ.

ಮನೆಗೆ ಬಂದು ಆರನೆಯ ಚೌಕದ ಫೋಟೋ ತೆಗೆದು ಕ್ಯಾನ್ವಾಸಿನ ತಳದಲ್ಲಿ ಹಿಗ್ಗಿಸಿ ಇಟ್ಟೆ. ಎ4 ಪುಟಕ್ಕೆ, ಕತ್ತರಿಸುವ ಅಂಚಿಗೆಂದು ಸುತ್ತಲೂ 3 ಮಿಲಿಮೀಟರ್ ಸೇರಿಸಿದರೆ, ಇಂಚಿಗೆ 300 ಪಿಕ್ಸೆಲ್‌ನ ಲೆಕ್ಕದಲ್ಲಿ 2551 ಅಡ್ಡ, 3579 ಉದ್ದ. ಅದರ ಮೇಲೆ ಕರಡು ಗೆರೆ. ಮೆಟ್ಟಿಲ ಮೇಲೆ ಕುಳಿತವನ ಕಣ್ಣಿನ ಎತ್ತರಕ್ಕೆ ದಿಗಂತದ ಗೆರೆ ಹಾಕಿ, ಕೆರೆಗೆ ಚಾಚಿಕೊಂಡಿರುವ ತೆರೆದ ಮಂಟಪದ ಮೇಲಂಚು, ಕೆಳಅಂಚುಗಳೆರಡೂ ಆ ಗೆರೆಯ ಒಂದೇ ಬಿಂದುವಿಗೆ ಓಡುವಂತೆ ಸರಿಪಡಿಸಿದೆ. ಗೆರೆಯನ್ನು ತಿದ್ದಿ ನುಣುಪು ಮಾಡುವ ಗೋಜಿಗೆ ಹೋಗಲಿಲ್ಲ. ಹೊರಗೆರೆ ಉಳಿಯಬೇಕಾದ ಕಾಮಿಕ್ಸ್‌ನಂಥ ಕೆಲಸಕ್ಕೆ ಆ ಶ್ರಮ ಬೇಕು. ಗೆರೆ ಕೊನೆಗೆ ಬಣ್ಣದಡಿ ಮುಚ್ಚಿಹೋಗುವ ಚಿತ್ರದಲ್ಲಿ ಅದು ದಂಡ.

ಬಳಿಕ ದೊಡ್ಡ ಬ್ರಷ್ ಹಿಡಿದು ಐದು ಬೂದು ಛಾಯೆಗಳಲ್ಲಿ ಇಡೀ ಕ್ಯಾನ್ವಾಸನ್ನು ಮುಚ್ಚಿದೆ. ಇಲ್ಲಿ ಹೆಚ್ಚಿನವರು ಎಡವುವ ಒಂದು ಕಲ್ಲಿದೆ. ಆಕಾಶವೆಂದರೆ ಅತಿ ಬೆಳ್ಳಗಿನದು ಎಂದು ಕೈ ತಾನಾಗಿ ನಂಬಿಬಿಡುತ್ತದೆ. ಆದರೆ ಸೂರ್ಯ ನಮ್ಮ ಬೆನ್ನ ಹಿಂದಿರುವ ಸಂಜೆಯಲ್ಲಿ ಪೂರ್ವದ ಆಕಾಶ ನಡುಛಾಯೆಯದು. ಅದಕ್ಕಿಂತ ಬೆಳಗುವುದು ಬಿಸಿಲು ಬಿದ್ದ ಮರಳುಗಲ್ಲು. ಆಕಾಶವನ್ನು ಒಂದು ಮೆಟ್ಟಿಲು ಕೆಳಗಿಳಿಸಿದ ಗಳಿಗೆಯಲ್ಲಿಯೇ ಗುಡಿ ಹೊತ್ತಿಕೊಂಡಂತಾಯಿತು, ಇನ್ನೂ ಒಂದು ಹನಿ ಬಣ್ಣ ಬಿದ್ದಿರಲಿಲ್ಲ. ನೀರಿನ ವಿಷಯದಲ್ಲಿಯೂ ಇಂಥದೇ ಒಂದು ನಿಯಮ: ಬೆಳ್ಳಗಿನ ವಸ್ತುವಿನ ಪ್ರತಿಬಿಂಬ ವಸ್ತುವಿಗಿಂತ ತುಸು ಕಪ್ಪು, ಕಪ್ಪಾದುದರ ಪ್ರತಿಬಿಂಬ ತುಸು ತಿಳಿ. ಗುಡಿಯನ್ನು ನಕಲು ಮಾಡಿ ಬುಡಮೇಲು ತಿರುಗಿಸಿ ನೀರಿನಲ್ಲಿ ಅಂಟಿಸುವ ಅನುಕೂಲ ತಂತ್ರಾಂಶದಲ್ಲಿದೆ, ಆದರೆ ಹಾಗೆ ಮಾಡಿದ ನೀರು ಕನ್ನಡಿಯಾಗುತ್ತದೆಯೇ ಹೊರತು ಕೆರೆಯಾಗುವುದಿಲ್ಲ.

ಬಣ್ಣದ ಕಥೆಯನ್ನು ಮುಂದಿನ ಪ್ರಶ್ನೆಗೆ ಬಿಡುತ್ತೇನೆ. ಬಣ್ಣ ಕೂತ ಮೇಲೆ ಉಳಿದದ್ದು ಅಂಚುಗಳ ಕೆಲಸ. ಬಿಸಿಲಿಗೆ ಎದುರಾದ ಕಂಬದ ಅಂಚು ಚೂಪು, ನೆರಳಿನೊಳಗೆ ಹೊಕ್ಕ ಕಂಬದ ಅಂಚು ಮಂಕು, ಹಿಂದಿನ ಬಂಡೆಯ ಅಂಚು ಆಕಾಶದಲ್ಲಿ ಅರ್ಧ ಕರಗಿಯೇ ಹೋಗಬೇಕು. ನಡುನಡುವೆ ಇಡೀ ಚಿತ್ರವನ್ನು ಎಡಬಲ ತಿರುಗಿಸಿ ನೋಡುತ್ತಿದ್ದೆ. ಎರಡು ದಿನ ಕಣ್ಣಿಗೆ ಬೀಳದಿದ್ದ ತಪ್ಪು, ಶಿಖರ ಎಡಕ್ಕೆ ವಾಲಿದ್ದು, ತಿರುಗಿಸಿದ ಕೂಡಲೇ ಕಂಡಿತು. ಸಣ್ಣ ಬ್ರಷ್ ಕೈಗೆ ಬಂದದ್ದು ಕೊನೆಯ ಎರಡು ಗಂಟೆಗಳಲ್ಲಿ. ಅದನ್ನು ಖರ್ಚು ಮಾಡಿದ್ದು ಎರಡೇ ಕಡೆ: ಮಂಟಪದ ಬಿಸಿಲು ತಾಗಿದ ಮೂಲೆ ಮತ್ತು ಆ ಹೆಂಗಸಿನ ಎತ್ತಿದ ಕೈಯಿಂದ ಸಿಡಿದ ನೀರು. ಬಂಡೆಯ ಬಿರುಕುಗಳನ್ನೆಲ್ಲ ಬರೆಯಬೇಕೆಂಬ ಆಸೆ ನನಗೂ ಇತ್ತು. ಬರೆದೆ ಕೂಡ. ಮರುದಿನ ಬೆಳಿಗ್ಗೆ ಆ ಲೇಯರನ್ನು ಅಳಿಸಿಹಾಕಿದೆ.

ಬೂದು ಛಾಯೆಯಲ್ಲಿ ಚೆಂದ ಕಾಣುವ ನನ್ನ ಚಿತ್ರ, ಬಣ್ಣ ಹಾಕಿದ ಕೂಡಲೇ ಕೆಸರಿನಂತಾಗುತ್ತದೆ. ಓವರ್‌ಲೇ, ಕಲರ್, ಸಾಫ್ಟ್ ಲೈಟ್ ಎಲ್ಲ ಮೋಡುಗಳನ್ನೂ ಪ್ರಯತ್ನಿಸಿ ಸೋತಿದ್ದೇನೆ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ನೀವು ಸೋತದ್ದು ಮೋಡುಗಳ ಆಯ್ಕೆಯಲ್ಲಿ ಅಲ್ಲ. ಬೂದು ಚಿತ್ರಕ್ಕೆ ಬಣ್ಣದ ಗಾಜು ಹಿಡಿದರೆ ಸಾಕು ಎಂಬ ನಂಬಿಕೆಯಲ್ಲಿಯೇ ದೋಷವಿದೆ. ಲೋಕದಲ್ಲಿ ಛಾಯೆ ಬದಲಾದಂತೆಲ್ಲ ಬಣ್ಣವೂ ಬದಲಾಗುತ್ತದೆ. ಹಳದಿಯನ್ನೇ ತೆಗೆದುಕೊಳ್ಳಿ: ತಿಳಿಯಾಗಿದ್ದಾಗ ಮಾತ್ರ ಅದು ಹಳದಿ, ನಡುಬೂದಿನ ಮೇಲೆ ಹಾಕಿದರೆ ಸಗಣಿ ಸಾರಿಸಿದ ಬಣ್ಣ ಬರುತ್ತದೆ. ನೀಲಿ ಅದಕ್ಕೆ ತಿರುಗುಮುರುಗು, ಗಾಢವಾದಷ್ಟೂ ಅದಕ್ಕೆ ಕಳೆ. ಎಲ್ಲ ಬೂದಿನ ಮೇಲೂ ಒಂದೇ ಬಣ್ಣವನ್ನು ಹರಿಸಿದಾಗ ಬೆಳಕೂ ನೆರಳೂ ಒಂದೇ ಬಾವಿಯ ನೀರಾಗುತ್ತವೆ.

ಬಾದಾಮಿಯ ಕಲ್ಲನ್ನು ಎಲ್ಲರೂ ಕೆಂಪು ಎನ್ನುತ್ತೇವೆ. ಸಂಜೆ ಐದೂವರೆಗೆ ಆ ಬಂಡೆಯ ಬಿಸಿಲು ಭಾಗ ಕಿತ್ತಳೆ ಹಣ್ಣಿನ ಒಳತೊಗಟೆಯ ಹಾಗೆ ಹಳದಿ ಬೆರೆತದ್ದು. ಅದೇ ಬಂಡೆಯ ನೆರಳು ಭಾಗಕ್ಕೆ ಬಿಸಿಲಿಲ್ಲ, ಮೇಲಿನ ಆಕಾಶದ ಬೆಳಕು ಮಾತ್ರ ಇದೆ. ಆದ್ದರಿಂದ ಅಲ್ಲಿ ಕೆಂಪಿಗೆ ನೀಲಿ ಬೆರೆತು ನೇರಳೆಯತ್ತ ವಾಲುತ್ತದೆ. ಇನ್ನೂ ಸೋಜಿಗದ್ದು ಮಂಟಪದ ಚಾವಣಿಯ ಒಳಬದಿ. ಅದಕ್ಕೆ ಬಿಸಿಲೂ ಇಲ್ಲ, ಆಕಾಶವೂ ಕಾಣುವುದಿಲ್ಲ, ಆದರೂ ಬಿಸಿಲು ಬಿದ್ದ ನೆಲಗಲ್ಲಿನಿಂದ ಮೇಲಕ್ಕೆ ಚಿಮ್ಮಿದ ಬೆಳಕಿನಿಂದ ಒಳಗೊಳಗೇ ಕೆಂಡದಂತೆ ಬೆಚ್ಚಗಿರುತ್ತದೆ. ಈ ಮೂರು ಕೆಂಪುಗಳನ್ನು ಯಾವ ಮೋಡೂ ತಾನಾಗಿ ತಂದುಕೊಡುವುದಿಲ್ಲ. ನೋಡಿ, ಆರಿಸಿ, ಹಚ್ಚಬೇಕು.

ನಾನು ಮಾಡುವುದು ಇಷ್ಟು. ಬೂದು ಚಿತ್ರದ ಒಂದು ಸಣ್ಣ ನಕಲು ಮಾಡಿಕೊಂಡು, ಅದರ ಮೇಲೆ ಅಡ್ಡಾದಿಡ್ಡಿಯಾಗಿ ಬಣ್ಣದ ಮೂರು ಬಗೆಯ ಹೊಂದಾಣಿಕೆಗಳನ್ನು ಬಳಿದು ನೋಡುತ್ತೇನೆ. ಒಪ್ಪಿದ ಒಂದನ್ನು ಪಕ್ಕದಲ್ಲಿಟ್ಟು, ದೊಡ್ಡ ಕ್ಯಾನ್ವಾಸಿನಲ್ಲಿ ಸಾಮಾನ್ಯ ಮೋಡಿನಲ್ಲಿಯೇ, ಮುಚ್ಚುವ ಬಣ್ಣದಲ್ಲಿ, ಬೂದಿನ ಮೇಲೆ ಹೊಸದಾಗಿ ಬಳಿಯುತ್ತೇನೆ. ಬೂದು ಚಿತ್ರ ನನಗೆ ದಾರಿ ತೋರಿಸುವ ನಕ್ಷೆ ಮಾತ್ರ. ದಾರಿ ತಪ್ಪಿದೆನೇ ಎಂದು ಪರೀಕ್ಷಿಸಲು ಎಲ್ಲಕ್ಕಿಂತ ಮೇಲೆ ಪೂರ್ತಿ ಕಪ್ಪು ತುಂಬಿದ ಒಂದು ಲೇಯರನ್ನು ಕಲರ್ ಮೋಡಿನಲ್ಲಿಟ್ಟು, ಅದರ ಕಣ್ಣಿನ ಗುರುತನ್ನು ಒತ್ತಿ ತೋರಿಸುವುದು, ಮರೆಮಾಡುವುದು ಮಾಡುತ್ತಿರುತ್ತೇನೆ. ತೋರಿಸಿದಾಗ ಬಣ್ಣವೆಲ್ಲ ಇಳಿದು ಛಾಯೆ ಮಾತ್ರ ಕಾಣುತ್ತದೆ. ಅದಕ್ಕೂ ಸುಲಭದ್ದು ಬೇಕಾದರೆ ನಮ್ಮ ಡ್ರಾಯಿಂಗ್ ಮೇಷ್ಟ್ರುಗಳು ಹೇಳುತ್ತಿದ್ದಂತೆ ಕಣ್ಣು ಕಿರಿದು ಮಾಡಿ ನೋಡಿ.

ಒಂದು ಚಿತ್ರಕ್ಕೆ ಎಷ್ಟು ಲೇಯರ್ ಬೇಕು? ನನ್ನದು ಎಂಬತ್ತು ದಾಟಿ ಟ್ಯಾಬ್ಲೆಟ್ ನಿಂತೇ ಹೋಗುತ್ತದೆ.
— ಓದುಗರೊಬ್ಬರು, ಉಡುಪಿ

ಬಾದಾಮಿಯ ಚಿತ್ರ ಮುಗಿದಾಗ ಉಳಿದಿದ್ದದ್ದು ಏಳು. ಎ4 ಅಳತೆಯ ಒಂದು ತುಂಬಿದ ಲೇಯರ್ ಎಂದರೆ ಸುಮಾರು 87 ಲಕ್ಷ ಪಿಕ್ಸೆಲ್‌ಗಳು, ಪಿಕ್ಸೆಲ್‌ಗೆ 4 ಬೈಟ್‌ನಂತೆ ಅಂದಾಜು 35 ಎಂಬಿ. ಎಂಬತ್ತರಿಂದ ಗುಣಿಸಿ ನೋಡಿದರೆ ಟ್ಯಾಬ್ಲೆಟ್ ಏಕೆ ಉಸಿರುಗಟ್ಟುತ್ತದೆಂದು ತಿಳಿಯುತ್ತದೆ. ಫೋಟೋಶಾಪ್‌ಗೆ ಲೇಯರ್ ಬಂದದ್ದೇ 1994ರ ಮೂರನೆಯ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಅದರಲ್ಲಿ ಬರೆದವರು ಒಂದೇ ಹಾಳೆಯ ಮೇಲೆ ಬರೆದರು. ಹಿನ್ನೆಲೆ, ಗುಡಿ, ನೀರು, ಮುನ್ನೆಲೆ ಎಂದು ಬೇರೆ ಮಾಡಿ, ಒಪ್ಪಿದ ಕೂಡಲೇ ಕೂಡಿಸಿಬಿಡಿ. ಕೂಡಿಸಲು ಮನಸ್ಸು ಬರುತ್ತಿಲ್ಲವೆಂದರೆ ಆ ಭಾಗದ ಬಗ್ಗೆ ನೀವಿನ್ನೂ ನಿರ್ಧರಿಸಿಲ್ಲವೆಂದೇ ಅರ್ಥ.

ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರಗಳನ್ನು ಮನೆಯಲ್ಲಿ ನೋಡುತ್ತ ಬೆಳೆದವನು ನಾನು. ಇದ್ದಿಲು ಸುಡುವುದು, ಬಣ್ಣ ಅರೆಯುವುದು, ಚಿನ್ನದ ರೇಕು ಅಂಟಿಸುವುದು ಯಾವುದೂ ಇಲ್ಲದ, ಯಂತ್ರವೇ ಅರ್ಧ ಮಾಡಿಕೊಡುವ ಈ ಕೆಲಸವನ್ನು ಚಿತ್ರಕಲೆ ಎನ್ನಬಹುದೇ? ಬೇಸರಿಸದೆ ಉತ್ತರಿಸಿ.
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಹಿರಿಯರಾದ ತಾವು ಕೇಳಿದ್ದಕ್ಕೆ ಬೇಸರವೇನು ಬಂತು? ಪ್ರತಿವರ್ಷ ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನನ್ನ ಪ್ರಿಂಟುಗಳನ್ನು ಹರಡಿಕೊಂಡು ಕುಳಿತಾಗ ಇದೇ ಪ್ರಶ್ನೆಯನ್ನು ಇದಕ್ಕಿಂತ ಎಷ್ಟೋ ಒರಟಾದ ಮಾತಿನಲ್ಲಿ ಕೇಳಿಸಿಕೊಂಡಿದ್ದೇನೆ.

ಮೈಸೂರಿನ ಚಿತ್ರಗಾರರು ಹುಣಸೆಯ ನೇರವಾದ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿಕೊಂಡ ಇದ್ದಿಲಿನಿಂದ ಕರಡು ಬರೆಯುತ್ತಿದ್ದರು. ಆಮೇಲೆ ಅವರು ಮೊದಲು ಕೈಹಾಕುತ್ತಿದ್ದದ್ದು ಆಕಾಶ, ಬೆಟ್ಟ, ನದಿಗಳಿಗೆ. ಬಳಿಕ ಪ್ರಾಣಿ, ಮನುಷ್ಯರ ಆಕೃತಿಗಳಿಗೆ. ಮುಖ, ಉಡುಗೆ, ಒಡವೆಗಳ ಸೂಕ್ಷ್ಮ ಮತ್ತು ಉಬ್ಬುಕೆಲಸದ ಮೇಲಿನ ಚಿನ್ನ ಬರುತ್ತಿದ್ದದ್ದು ಕಟ್ಟಕಡೆಗೆ. ಮೇಲೆ ನಾನು ಗದುಗಿನ ಮಾಸ್ತರರಿಗೆ ಬರೆದ ಕ್ರಮದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ದೊಡ್ಡದರಿಂದ ಚಿಕ್ಕದಕ್ಕೆ, ದೂರದಿಂದ ಹತ್ತಿರಕ್ಕೆ. ಈ ನಡೆಯನ್ನು ನಾನು ಕಲಿತದ್ದು ಯಾವ ತಂತ್ರಾಂಶದಿಂದಲೂ ಅಲ್ಲ.

ಯಂತ್ರ ಅರ್ಧ ಮಾಡಿಕೊಡುತ್ತದೆ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಬಣ್ಣ ಅರೆಯುವ, ಒಣಗಲು ಕಾಯುವ, ಕುಂಚ ತೊಳೆಯುವ ಶ್ರಮವನ್ನು ಅದು ಉಳಿಸುತ್ತದೆ, ನಿಜ. ಆದರೆ ಒಣಗಲು ಕಾಯುವ ಆ ಒಂದು ರಾತ್ರಿಯಲ್ಲಿ ಹಳೆಯ ಚಿತ್ರಗಾರನಿಗೆ ತನ್ನ ತಪ್ಪು ಹೊಳೆಯುತ್ತಿತ್ತು. ನಮಗೆ ಆ ಬಿಡುವಿಲ್ಲ, ನಾವೇ ಪ್ರಯತ್ನಪಟ್ಟು ಮಾಡಿಕೊಳ್ಳಬೇಕು. ಕ್ಯಾನ್ವಾಸಿನ ವರ್ಣಚಿತ್ರಗಳಿಂದ ಹೆಸರಾದ ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ, 2009ರ ಹೊತ್ತಿಗೆ ಐಫೋನಿನಲ್ಲಿ ಬೆರಳಿನಿಂದ ಹೂಗಳನ್ನು ಬರೆಯಲು ತೊಡಗಿ, 2010ರಲ್ಲಿ ಐಪ್ಯಾಡಿಗೆ ದಾಟಿದರು. ಯಾರ್ಕ್‌ಷೈರಿನ ವಸಂತವನ್ನು ಕುರಿತು ಅವರು ಐಪ್ಯಾಡಿನಲ್ಲಿ ಬರೆದ ಚಿತ್ರಗಳು ಆಳೆತ್ತರದ ಪ್ರಿಂಟುಗಳಾಗಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಯೇರಿದವು. ಅವರ ಹೆಸರು ಹೇಳಿ ತಮ್ಮನ್ನು ಒಪ್ಪಿಸುವುದು ನನ್ನ ಉದ್ದೇಶವಲ್ಲ. ಚಿನ್ನದ ರೇಕಿನ ಮೇಲೆ ದೀಪದ ಬೆಳಕು ಆಡುವ ಸೊಗಸು ನನ್ನ ಪರದೆಗೆ ಎಂದೂ ಬರುವುದಿಲ್ಲ, ಅದನ್ನು ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ.

ಮಗಳು ಒಂಬತ್ತನೆಯ ತರಗತಿ. ದುಬಾರಿ ಟ್ಯಾಬ್ಲೆಟ್ಟೇ ಕೊಡಿಸಬೇಕೇ?
— ತಾಯಿಯೊಬ್ಬರು, ಹಾಸನ

ಬೇಡಮ್ಮ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಪರದೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಸಾಕು, ಕ್ರಿಟಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ನಾನು ಈಗಲೂ ಎಷ್ಟೋ ಕೆಲಸಗಳನ್ನು ಅದರಲ್ಲಿಯೇ ಮಾಡುತ್ತೇನೆ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಇರುವುದು ಮೊದಮೊದಲು ಹಿಂಸೆಯಾಗುತ್ತದೆ. ಎರಡು ಮೂರು ವಾರ ಬಿಡದೆ ಬರೆದರೆ ಒಗ್ಗುತ್ತದೆ. ಒಂದು ಮಾತು ಮರೆಯಬೇಡಿ: ಟ್ಯಾಬ್ಲೆಟ್ಟಿನ ಸೆಟ್ಟಿಂಗಿನಲ್ಲಿ ಅದರ ಉದ್ದಗಲದ ಅನುಪಾತವನ್ನು ಪರದೆಯ ಅನುಪಾತಕ್ಕೆ ಸರಿಹೊಂದಿಸಿ ಕೊಡಿ. ಇಲ್ಲದಿದ್ದರೆ ಮಗು ಬರೆದ ವೃತ್ತ ಮೊಟ್ಟೆಯಾಗುತ್ತದೆ, ತಪ್ಪು ತನ್ನ ಕೈಯದೆಂದು ಅವಳು ಅಂದುಕೊಳ್ಳುತ್ತಾಳೆ.

ಅಂತರ್ಜಾಲದ ಫೋಟೋ ನೋಡಿ ಬರೆದರೆ ತಪ್ಪೇ?
— ಓದುಗರೊಬ್ಬರು, ಬಳ್ಳಾರಿ

ನೋಡಿ ಕಲಿಯುವುದು ತಪ್ಪಲ್ಲ. ಆದರೆ ಫೋಟೋ ಕೂಡ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿರುವ ಕೃತಿ; ಒಬ್ಬರ ಫೋಟೋದ ಚೌಕಟ್ಟನ್ನೂ ಬೆಳಕನ್ನೂ ಹಾಗೆಯೇ ಎತ್ತಿ, ಅನುಮತಿಯಿಲ್ಲದೆ ಬರೆದು ಮಾರಿದರೆ ತಗಾದೆಗೆ ದಾರಿಯಾಗುತ್ತದೆ. ಹತ್ತು ಫೋಟೋಗಳಿಂದ ಕಂಬ ಹೇಗಿದೆ, ಸೀರೆಯ ಕಚ್ಚೆ ಹೇಗಿದೆ ಎಂಬ ತಿಳಿವಳಿಕೆ ಪಡೆದು ನಿಮ್ಮದೇ ಚೌಕದಲ್ಲಿ ಹೊಂದಿಸಿಕೊಳ್ಳಿ. ಅಥವಾ ನಿಮ್ಮದೇ ಫೋನಿನಿಂದ ತೆಗೆಯಿರಿ. ಕೆಟ್ಟ ಫೋಟೋ ಆದರೂ ಆ ದಿನ ಅಲ್ಲಿ ನಿಂತವರು ನೀವೇ ಆಗಿರುತ್ತೀರಿ.

ಪರದೆಯ ಮೇಲೆ ಹೊಳೆಯುವ ಬಣ್ಣ ಅಚ್ಚಿನಲ್ಲಿ ಸಪ್ಪೆಯಾಗುವುದೇಕೆ?
— ಗ್ರಾಫಿಕ್ ಡಿಸೈನರ್, ಹುಬ್ಬಳ್ಳಿ

ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ಹುಟ್ಟಿಸುತ್ತದೆ. ಅಚ್ಚಿನ ಯಂತ್ರ ಸಯಾನ್, ಮಜೆಂತಾ, ಹಳದಿ, ಕಪ್ಪು ಶಾಯಿಗಳಿಂದ ಕಾಗದದ ಬಿಳುಪನ್ನು ಕಳೆಯುತ್ತ ಹೋಗುತ್ತದೆ. ಉಜ್ವಲವಾದ ನೀಲಿ, ಎಲೆಹಸಿರು, ಕಿತ್ತಳೆಗಳಲ್ಲಿ ಹಲವು ಆ ನಾಲ್ಕು ಶಾಯಿಗಳಿಗೆ ಎಟುಕುವುದೇ ಇಲ್ಲ. ಅದರ ಜೊತೆಗೆ, ನಯವಿಲ್ಲದ ಕಾಗದ ಶಾಯಿಯನ್ನು ಹೀರಿ ಚುಕ್ಕಿಗಳು ಹರಡಿಕೊಳ್ಳುವುದರಿಂದ ನೆರಳುಗಳು ಇನ್ನಷ್ಟು ಕಪ್ಪಾಗಿ ಮುಚ್ಚಿಕೊಳ್ಳುತ್ತವೆ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕಕ್ಕೆ ರಾತ್ರಿಯ ಅಂಗಳದಲ್ಲಿ ಹಣತೆ ಹಚ್ಚುತ್ತಿರುವ ಅಜ್ಜಿಯ ಚಿತ್ರ ಬರೆದುಕೊಟ್ಟಿದ್ದೆ. ಕತ್ತಲಲ್ಲಿ ಬರೆಯಲು ಕೂತದ್ದರಿಂದ ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡಿದ್ದೆ. ಅಜ್ಜಿಯ ಹಿಂದಿನ ತುಳಸಿಕಟ್ಟೆ, ಬಾಗಿಲ ತೋರಣ ಎಲ್ಲವೂ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಅಚ್ಚಾಗಿ ಬಂದ ಸಂಚಿಕೆಯಲ್ಲಿ ಒಂದು ಹಣತೆ, ಒಂದು ಮೂಗು, ಉಳಿದದ್ದೆಲ್ಲ ಮಸಿ. ಅಚ್ಚುಕೂಟದವರು ಫೈಲಿನ ದೋಷವೆಂದರು, ನಾನು ಯಂತ್ರದ ದೋಷವೆಂದೆ. ಅವರು ಹೇಳಿದ್ದೇ ಸರಿಯಿತ್ತು. ಪತ್ರಿಕೆಯ ಎದುರಿಗಿನ ಮುಜುಗರ ಕಳೆಯಲು ಮುಂದಿನ ಮುಖಪುಟವನ್ನು ಸಂಭಾವನೆಯಿಲ್ಲದೆ ಬರೆದುಕೊಟ್ಟೆ.

ಆಗಿನಿಂದ ಪರದೆಯ ಬೆಳಕನ್ನು ಪಕ್ಕದಲ್ಲಿಟ್ಟ ಬಿಳಿ ಕಾಗದದ ಬೆಳಕಿಗೆ ಸಮನಾಗಿ ಇಳಿಸಿಕೊಂಡೇ ಕೂರುತ್ತೇನೆ. ಬರೆಯುವುದು ಪರದೆಯ ಕೆಂಪು, ಹಸಿರು, ನೀಲಿಯ ಲೆಕ್ಕವಾದ ಆರ್‌ಜಿಬಿಯಲ್ಲಿಯೇ, ಆದರೆ ಬಣ್ಣ ಕೂತ ಹಂತದಲ್ಲಿ ಒಮ್ಮೆ, ಮುಗಿಸುವ ಮುನ್ನ ಒಮ್ಮೆ, ಅಚ್ಚುಕೂಟದವರಿಂದ ಪಡೆದ ಪ್ರೊಫೈಲ್ (ಅವರ ಯಂತ್ರ, ಕಾಗದಗಳ ಬಣ್ಣದ ವಿವರವಿರುವ ಫೈಲು) ಹಾಕಿ, ಅಚ್ಚಿನಲ್ಲಿ ಹೇಗೆ ಕಂಡೀತೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್‌ನಲ್ಲಿ ನೋಡುತ್ತೇನೆ. ಕ್ರಿಟಾ, ಫೋಟೋಶಾಪ್ ಎರಡರಲ್ಲಿಯೂ ಈ ಸೌಕರ್ಯವಿದೆ. ನೆರಳುಗಳನ್ನು ಪರದೆಯಲ್ಲಿ ತುಸು ತೆಳುವೆನಿಸುವಷ್ಟು ಎತ್ತಿಡುತ್ತೇನೆ. ಕೊನೆಗೆ ಲೇಯರ್‌ಗಳಿರುವ ಮೂಲ ಫೈಲನ್ನು ಹಾಗೆಯೇ ಉಳಿಸಿಕೊಂಡು, ಅಚ್ಚಿಗೆ ಎಲ್ಲವನ್ನೂ ಕೂಡಿಸಿದ, ಟಿಫ್ ಎಂಬ ಬಗೆಯ ಫೈಲನ್ನು ಕಳಿಸುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಎಂದು ಎಷ್ಟೇ ಅವಸರಪಡಿಸಿದರೂ ಅದರಲ್ಲಿ ಚಿತ್ರವಾಗಿ ಕಳಿಸುವುದಿಲ್ಲ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಬಾದಾಮಿಯ ಮುಖಪುಟದಲ್ಲಿ ಆ ಹೆಂಗಸಿನ ಸೀರೆಯ ಅಂಚು ನಿಮಗೆ ಕಂಡಿತ್ತೇ? ಪರದೆಯಲ್ಲಿ ಅದನ್ನು ಮೂರು ಸಲ ತಿಳಿ ಮಾಡಿದ್ದೆ.